ಹಿತ್ತಲ ಗಿಡವನ್ನು ಪರೀಕ್ಷೆಗೆ ಒಡ್ಡಿದ ಶಸ್ತ್ರವೈದ್ಯ: ಡಾ. ಕೆ.ಎನ್. ಉಡುಪ

ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಸೀಮೆಯ ಹೊಲದ ಬೇಲಿಗಳನ್ನು ಗಮನಿಸಿದವರಿಗೆ ನಾಲ್ಕು ಮೂಲೆಯ ಕಾಂಡವುಳ್ಳ, ಗೆಣ್ಣುಗೆಣ್ಣಾಗಿ ಬೆಳೆಯುವ ಹಸಿರು ಬಳ್ಳಿಯೊಂದು ಪರಿಚಿತ. ಅದೇ ಮಂಗರವಳ್ಳಿ. ಕೆಲವರ ಬಾಯಲ್ಲಿ ಅದು ಸಂದುಬಳ್ಳಿ. ಅದರ ಎಳೆಯ ಕುಡಿಗಳನ್ನು ಚೆನ್ನಾಗಿ ಹುರಿದು, ಹುಣಸೆಹಣ್ಣು ಸೇರಿಸಿ ಚಟ್ನಿ ಅರೆಯುವುದು ಹಳ್ಳಿಗಳ ರೂಢಿ. ಹುಣಸೆ ಕಡಿಮೆಯಾದರೆ ಗಂಟಲು ಕೆರೆಯುತ್ತದೆ ಎಂಬುದು ಅಡುಗೆಮನೆಯ ಅನುಭವ. ಅಡುಗೆಮನೆಯ ಆಚೆಗೆ ಈ ಬಳ್ಳಿಗೆ ಇನ್ನೂ ದೊಡ್ಡ ಹೆಸರಿದೆ. ಮುರಿದ ಮೂಳೆಯನ್ನು ಅದು ಕೂಡಿಸುತ್ತದೆ ಎಂಬ ನಂಬಿಕೆ ತಲೆಮಾರುಗಳಿಂದ ಬಂದಿದೆ. ಸಂಸ್ಕೃತದ ನಿಘಂಟುಗಳು ಇದನ್ನು ಅಸ್ಥಿಸಂಹಾರ, ವಜ್ರವಲ್ಲಿ ಎಂದು ಕರೆದಿವೆ.

ಈ ನಂಬಿಕೆಯಲ್ಲಿ ಸತ್ಯವೆಷ್ಟು? ಇದು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಯುವಕನನ್ನು ನಗರದ ಆಸ್ಪತ್ರೆಗೆ ಒಯ್ಯಬೇಕೋ, ಮೂಳೆ ಕಟ್ಟುವ ನಾಟಿ ವೈದ್ಯರ ಬಳಿಗೋ ಅಥವಾ ಆಂಧ್ರದ ಪುತ್ತೂರಿನ ಕಟ್ಟಿಗೋ ಎಂದು ಮನೆಮಂದಿ ತಲೆ ಕೆಡಿಸಿಕೊಳ್ಳುವ ಸಂದರ್ಭ ಇಂದಿಗೂ ಉಂಟು. ಅಲ್ಲಿ ತಪ್ಪು ನಿರ್ಧಾರಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಒಂದು ಕಾಲೇ ಆಗಿರುತ್ತದೆ.

1960ರ ದಶಕದ ಆರಂಭದಲ್ಲಿ ಕಾಶಿಯಲ್ಲಿ ಒಬ್ಬ ಕನ್ನಡಿಗ ಶಸ್ತ್ರವೈದ್ಯರು ಈ ಬಳ್ಳಿಯನ್ನು ಪ್ರಯೋಗಾಲಯಕ್ಕೆ ತಂದರು. ಹಿತ್ತಲ ಗಿಡ ಮದ್ದಲ್ಲ ಎಂದು ಅವರು ಅದನ್ನು ಬದಿಗೆ ಸರಿಸಲಿಲ್ಲ. ಹಿರಿಯರು ಹೇಳಿದ್ದೆಲ್ಲ ಸತ್ಯವೆಂದು ಕೈಮುಗಿಯಲೂ ಇಲ್ಲ. ಬಳ್ಳಿಯನ್ನು ಅರೆದು, ಸಾರ ತೆಗೆದು, ಅಳೆದು ನೋಡಿದರು. ಅವರೇ ಡಾ. ಕಟೀಲು ನರಸಿಂಹ ಉಡುಪ. ದೇಶೀಯ ವೈದ್ಯವನ್ನು ವಿಶ್ವವಿದ್ಯಾಲಯದ ಬೋಧನೆ ಮತ್ತು ಸಂಶೋಧನೆಯ ವಿಷಯವಾಗಿಸಲು ಜೀವಮಾನವನ್ನೇ ಸವೆಸಿದ ಅವರ ಹೆಸರು ಹುಟ್ಟಿದ ನಾಡಿಗಿಂತ ಕಾಶಿಯಲ್ಲೇ ಹೆಚ್ಚು ಪರಿಚಿತವಾಗಿ ಉಳಿದಿದೆ.

ಕರಾವಳಿಯಿಂದ ಕಾಶಿಗೆ

ಉಡುಪರು ಹುಟ್ಟಿದ್ದು 1920ರಲ್ಲಿ, ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಹೆಸರಿನ ಮೊದಲಿಗಿರುವ ಕಟೀಲು, ನಂದಿನಿ ನದಿಯ ನಡುಗಡ್ಡೆಯಲ್ಲಿ ದುರ್ಗಾಪರಮೇಶ್ವರಿಯ ದೇಗುಲವಿರುವ ಪ್ರಸಿದ್ಧ ಕ್ಷೇತ್ರ. ಅಂದು ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ದೇಶೀಯ ವೈದ್ಯದ ಭವಿಷ್ಯದ ಬಗ್ಗೆ ಆ ಪ್ರಾಂತ್ಯದಲ್ಲಿ ಆಗಲೇ ದೊಡ್ಡ ವಾಗ್ವಾದ ನಡೆದಿತ್ತು.

ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳು ಶಾಸ್ತ್ರೀಯವೇ ಅಲ್ಲವೇ ಎಂಬುದನ್ನು ಪರಿಶೀಲಿಸಲು ಮದರಾಸು ಸರ್ಕಾರ 1921ರಲ್ಲಿ ಮುಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರ ಕಾರ್ಯದರ್ಶಿಯಾಗಿದ್ದವರೂ ಕನ್ನಡಿಗರೇ ಎಂಬುದು ಗಮನಾರ್ಹ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಪಾಶ್ಚಾತ್ಯ ವೈದ್ಯವನ್ನು ಓದಿದ್ದ ಸೇನಾ ವೈದ್ಯರು. ದೇಶೀಯ ಪದ್ಧತಿಗಳಿಗೆ ತಮ್ಮದೇ ಆದ ತರ್ಕಬದ್ಧ ಶಾಸ್ತ್ರವಿದೆ, ಆದರೆ ಶಸ್ತ್ರಚಿಕಿತ್ಸೆಯಲ್ಲಿ ಅವು ಆಧುನಿಕ ವೈದ್ಯದಿಂದ ಕಲಿಯಬೇಕಾದದ್ದು ಬಹಳವಿದೆ ಎಂಬುದು 1923ರ ವರದಿಯ ಸಾರಾಂಶವಾಗಿತ್ತು. ಅದರ ಫಲವಾಗಿ 1925ರಲ್ಲಿ ಮದರಾಸಿನಲ್ಲಿ ಭಾರತೀಯ ವೈದ್ಯ ಶಾಲೆ ಆರಂಭವಾಯಿತು. ಶ್ರೀನಿವಾಸಮೂರ್ತಿಯವರೇ ಅದರ ಪ್ರಥಮ ಪ್ರಾಂಶುಪಾಲರಾದರು. ಮೈಸೂರು ಸಂಸ್ಥಾನವಾದರೋ 1908ರಷ್ಟು ಹಿಂದೆಯೇ ಆಯುರ್ವೇದ ಶಿಕ್ಷಣಕ್ಕೆ ಸರ್ಕಾರಿ ಆಶ್ರಯ ನೀಡಿತ್ತು.

ಉತ್ತರದಲ್ಲಿ ಇದೇ ಪ್ರಯತ್ನಕ್ಕೆ ನೆಲೆಯಾದದ್ದು ಪಂಡಿತ ಮದನ ಮೋಹನ ಮಾಳವೀಯರು 1916ರಲ್ಲಿ ಸ್ಥಾಪಿಸಿದ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಅಲ್ಲಿ 1920ರ ದಶಕದಲ್ಲಿ ಆರಂಭವಾದ ಆಯುರ್ವೇದ ಕಾಲೇಜಿನಲ್ಲಿ ಚರಕ, ಸುಶ್ರುತರ ಸಂಹಿತೆಗಳ ಜೊತೆಗೆ ಆಧುನಿಕ ಅಂಗರಚನಾ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ ಮತ್ತು ಶಸ್ತ್ರಚಿಕಿತ್ಸೆಯನ್ನೂ ಕಲಿಸುತ್ತಿದ್ದರು. ಈ ಮಿಶ್ರ ಪಠ್ಯಕ್ರಮದ ಪದವಿಯನ್ನು ಉಡುಪರು 1940ರ ದಶಕದ ಆರಂಭದಲ್ಲಿ ಪಡೆದರು. ಸುಶ್ರುತನಿಗೆ ಶಸ್ತ್ರವಿದ್ಯೆಯನ್ನು ಬೋಧಿಸಿದವನು ಕಾಶಿರಾಜ ದಿವೋದಾಸ ಧನ್ವಂತರಿಯೆಂದು ಸಂಹಿತೆಯೇ ಹೇಳುತ್ತದೆ. ಆ ಊರಿನಲ್ಲಿ ಶಸ್ತ್ರವೈದ್ಯವನ್ನು ಕಲಿತ ತುಳುನಾಡಿನ ಯುವಕ ಮುಂದೆ ಸಮುದ್ರ ದಾಟಿದ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿಯನ್ನೂ ಕೆನಡಾದ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಫೆಲೋಶಿಪ್ಪನ್ನೂ ಅವರು ಗಳಿಸಿದರು. ಆಯುರ್ವೇದದ ಪದವೀಧರನೊಬ್ಬ ಪಾಶ್ಚಾತ್ಯ ಶಸ್ತ್ರವೈದ್ಯದ ಅತ್ಯುನ್ನತ ಪರೀಕ್ಷೆಗಳನ್ನು ದಾಟುವುದು ಅಂದಿನ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು.

ಗಾಯ ಮಾಯುವ ಬಗೆ

ಅಮೆರಿಕದಲ್ಲಿ ಉಡುಪರು ಪಡೆದದ್ದು ಕೇವಲ ಪದವಿಗಳನ್ನಲ್ಲ. 1950ರ ದಶಕದಲ್ಲಿ ಅಲ್ಲಿನ ಹೆಸರಾಂತ ಶಸ್ತ್ರವೈದ್ಯ ಎಂಗಲ್‌ಬರ್ಟ್ ಡನ್‌ಫಿಯವರೊಡನೆ ಅವರು ಗಾಯ ಮಾಯುವ ಪ್ರಕ್ರಿಯೆಯನ್ನು ಅಧ್ಯಯನ ಮಾಡಿದರು. ಇಬ್ಬರ ಜಂಟಿ ಲೇಖನ 1955ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕತ್ತರಿಸಿದ ಚರ್ಮ ಕೂಡಿಕೊಳ್ಳುವುದು ನೋಡುವವರಿಗೆ ಒಂದೇ ಕ್ರಿಯೆಯಂತೆ ಕಾಣುತ್ತದೆ. ರಾಸಾಯನಿಕ ಪರೀಕ್ಷೆಯಲ್ಲಿ ಅದು ಎರಡು ಹಂತಗಳ ಕೆಲಸವೆಂದು ತಿಳಿದುಬಂತು. ಮೊದಲ ಕೆಲವು ದಿನ ದೇಹವು ಗಾಯದ ಜಾಗದಲ್ಲಿ ಅಂಟಿನಂತಹ ಮೂಲದ್ರವ್ಯವನ್ನು ಕೂಡಿಹಾಕುತ್ತದೆ. ಆ ಬಳಿಕವಷ್ಟೇ ಕೊಲಾಜೆನ್ ಎಂಬ ನಾರಿನ ಎಳೆಗಳು ಹೆಣೆದುಕೊಂಡು ಗಾಯಕ್ಕೆ ಬಲ ಬರುತ್ತದೆ. ಮನೆ ಕಟ್ಟುವವರು ಮೊದಲು ಸಾಮಗ್ರಿ ರಾಶಿ ಹಾಕಿ, ಆಮೇಲೆ ಗೋಡೆ ಎಬ್ಬಿಸುವ ಹಾಗೆ. ಮೊದಲ ಹಂತ ಸೊರಗಿದರೆ ಎರಡನೆಯದು ಗಟ್ಟಿಯಾಗದು.

ಈ ಅಧ್ಯಯನ ಉಡುಪರ ಮುಂದಿನ ಬದುಕಿಗೆ ಅಡಿಪಾಯವಾಯಿತು. ಗಾಯ ಅಥವಾ ಮೂಳೆ ಬೇಗ ಮಾಯಿತೋ ಇಲ್ಲವೋ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳದೆ ಅಂಕಿಗಳಲ್ಲಿ ಹೇಳುವ ವಿಧಾನ ಅವರ ಕೈವಶವಾಗಿತ್ತು. ಮೂಳೆ ಕೂಡಿಸುವ ಬಳ್ಳಿಯ ಹೆಸರು ಅವರು ಆಯುರ್ವೇದದಲ್ಲಿ ಓದಿದ್ದ ಗ್ರಂಥಗಳಲ್ಲಿತ್ತು. ಈ ಎರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದರಿಂದಲೇ ಮುಂದಿನ ಸಂಶೋಧನೆ ಸಾಧ್ಯವಾಯಿತು.

ಒಂದು ಸಮಿತಿ, ಹಲವು ಕಹಿಸತ್ಯಗಳು

ಸ್ವದೇಶದಲ್ಲಿ ಅವರು ಹಿಮಾಚಲ ಪ್ರದೇಶದ ಆಡಳಿತದಲ್ಲಿ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸುತ್ತಿದ್ದಾಗ ದೆಹಲಿಯಿಂದ ಕರೆ ಬಂತು. ಸ್ವಾತಂತ್ರ್ಯ ಬಂದು 10 ವರ್ಷ ಕಳೆದಿದ್ದರೂ ದೇಶೀಯ ವೈದ್ಯವನ್ನು ಏನು ಮಾಡಬೇಕೆಂಬ ವಿಚಾರದಲ್ಲಿ ಸರ್ಕಾರಕ್ಕೆ ಖಚಿತ ನಿಲುವು ಇರಲಿಲ್ಲ. ಸ್ವತಂತ್ರ ಭಾರತದ ಆರೋಗ್ಯ ವ್ಯವಸ್ಥೆಗೆ ನಕ್ಷೆ ಹಾಕಿದ 1946ರ ಭೋರ್ ಸಮಿತಿ ಈ ವಿಷಯವನ್ನು ಪ್ರಾಂತ್ಯಗಳಿಗೇ ಬಿಟ್ಟಿತ್ತು. ಕರ್ನಲ್ ರಾಮನಾಥ ಚೋಪ್ರಾ ಅವರ 1948ರ ವರದಿ ಎರಡೂ ಪದ್ಧತಿಗಳ ಸಮನ್ವಯವನ್ನು ಸೂಚಿಸಿತ್ತು. ಕಾಲೇಜುಗಳು ಹೆಚ್ಚುತ್ತಿದ್ದವು. ಗುಣಮಟ್ಟವನ್ನು ಕೇಳುವವರಿರಲಿಲ್ಲ.

1958ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆಯುರ್ವೇದದ ಸ್ಥಿತಿಗತಿಯನ್ನು ಪರಿಶೀಲಿಸಲು ಸಮಿತಿ ರಚಿಸಿ, 38ರ ವಯಸ್ಸಿನ ಉಡುಪರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. ಆಗ ಕೇಂದ್ರ ಆರೋಗ್ಯ ಖಾತೆಯಲ್ಲಿದ್ದವರು ಧಾರವಾಡದ ಡಿ.ಪಿ. ಕರಮರಕರ. ಸಮಿತಿ ದೇಶ ಸುತ್ತಿತು. ಕಾಲೇಜು, ಆಸ್ಪತ್ರೆ, ಔಷಧ ತಯಾರಿಕಾ ಕೇಂದ್ರಗಳನ್ನು ಕಂಡು, 1959ರಲ್ಲಿ ವರದಿ ಸಲ್ಲಿಸಿತು. ಆಯುರ್ವೇದ ಶಿಕ್ಷಣದ ಇತಿಹಾಸದಲ್ಲಿ ಉಡುಪ ಸಮಿತಿಯ ವರದಿಯೆಂದೇ ಅದು ಹೆಸರಾಗಿದೆ.

ವರದಿ ಯಾರನ್ನೂ ಮೆಚ್ಚಿಸಲು ಹೊರಟಿರಲಿಲ್ಲ. ಒಂದು ರಾಜ್ಯದ ಪಠ್ಯ ಇನ್ನೊಂದರಲ್ಲಿಲ್ಲ. ಹಾಸಿಗೆಗಳಿದ್ದಲ್ಲಿ ರೋಗಿಗಳಿಲ್ಲ, ರೋಗಿಗಳಿದ್ದಲ್ಲಿ ಉಪಕರಣಗಳಿಲ್ಲ. ಮಿಶ್ರ ಪಠ್ಯಕ್ರಮ ಓದಿ ಹೊರಬಂದ ಬಹುಮಂದಿ ಆಯುರ್ವೇದವನ್ನು ಬಿಟ್ಟು ಅಲೋಪಥಿ ಔಷಧಿಯನ್ನೇ ಬರೆದುಕೊಡುತ್ತಿದ್ದರು. ಒಂದೇ ಹೆಸರಿನ ಲೇಹ್ಯ, ಭಸ್ಮಗಳು ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆಯಾಗಿದ್ದವು. ಸಂಶೋಧನೆಗೆ ಕೇಂದ್ರೀಯ ಮಂಡಳಿ, ಔಷಧಗಳಿಗೆ ನಿರ್ದಿಷ್ಟ ಮಾನದಂಡ, ಆಳವಾದ ಅಧ್ಯಯನಕ್ಕೆ ಸ್ನಾತಕೋತ್ತರ ಕೇಂದ್ರಗಳು ಬೇಕೆಂದು ಸಮಿತಿ ಶಿಫಾರಸು ಮಾಡಿತು.

ಕೆಲವು ಶಿಫಾರಸುಗಳು ಬೇಗ ಫಲಿಸಿದವು. ಆಯುರ್ವೇದ ಸಂಶೋಧನೆಯ ಕೇಂದ್ರೀಯ ಮಂಡಳಿ ಅದೇ ವರ್ಷ ಅಸ್ತಿತ್ವಕ್ಕೆ ಬಂತು. 1964ರಲ್ಲಿ ಔಷಧ ಕಾಯಿದೆಗೆ ತಿದ್ದುಪಡಿಯಾಗಿ ಆಯುರ್ವೇದ ಮತ್ತು ಯುನಾನಿ ಔಷಧಗಳೂ ಅದರ ವ್ಯಾಪ್ತಿಗೆ ಸೇರಿದವು. ಆದರೆ ಮುಖ್ಯ ವಿಚಾರದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಮಿಶ್ರ ಶಿಕ್ಷಣದಿಂದ ಆಯುರ್ವೇದವೇ ಕರಗಿಹೋಗುತ್ತದೆ ಎಂದು ನಂಬಿದ ಶುದ್ಧ ಆಯುರ್ವೇದ ಪಕ್ಷ ಬಲಗೊಂಡಿತು. 1963ರಲ್ಲಿ ಮೋಹನಲಾಲ ವ್ಯಾಸರ ಸಮಿತಿ ಶುದ್ಧ ಆಯುರ್ವೇದಕ್ಕೆ ಪ್ರತ್ಯೇಕ ಪಠ್ಯಕ್ರಮ ರೂಪಿಸಿತು. 1970ರ ಕಾಯಿದೆಯಿಂದ ಭಾರತೀಯ ವೈದ್ಯ ಪದ್ಧತಿಗಳಿಗೆ ಪ್ರತ್ಯೇಕ ಕೇಂದ್ರೀಯ ಪರಿಷತ್ತು ಬಂತು. ಎರಡು ವೈದ್ಯಗಳು ಎರಡು ಮನೆಗಳಾದವು.

ಕಾಲೇಜು ಬದಲಾದ ಕಥೆ

ವರದಿ ಒಪ್ಪಿಸಿದ ಬೆನ್ನಲ್ಲೇ ಉಡುಪರು ತಾವು ಓದಿದ ಕಾಶಿಯ ಆಯುರ್ವೇದ ಕಾಲೇಜಿಗೆ ಪ್ರಾಂಶುಪಾಲರಾಗಿ, ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿ ಮರಳಿದರು. ಅವರ ಬದುಕಿನ ಅತ್ಯಂತ ಕಠಿಣವಾದ, ಇಂದಿಗೂ ಭಿನ್ನಾಭಿಪ್ರಾಯಕ್ಕೆ ಎಡೆಮಾಡುವ ಅಧ್ಯಾಯ ಅಲ್ಲಿಂದ ಆರಂಭವಾಗುತ್ತದೆ.

ಮಿಶ್ರ ಪಠ್ಯಕ್ರಮದ ವಿದ್ಯಾರ್ಥಿಗಳ ಅಳಲು ಸುಳ್ಳಾಗಿರಲಿಲ್ಲ. ಎರಡೂ ಶಾಸ್ತ್ರಗಳ ಹೊರೆ ಹೊತ್ತು ಓದಿದರೂ ಎಂಬಿಬಿಎಸ್ ಪದವೀಧರರಿಗೆ ಸಿಗುವ ಮಾನ್ಯತೆ, ಹುದ್ದೆ, ಸಂಬಳ ಅವರಿಗೆ ದೊರೆಯುತ್ತಿರಲಿಲ್ಲ. ಇತ್ತ ಪಂಡಿತರಿಗೆ ಅವರು ಅರೆಬರೆ ವೈದ್ಯರು, ಅತ್ತ ಡಾಕ್ಟರುಗಳಿಗೂ ಅರೆಬರೆ ವೈದ್ಯರು. 1960ರಲ್ಲಿ ಆಯುರ್ವೇದ ಕಾಲೇಜು ವೈದ್ಯಕೀಯ ವಿಜ್ಞಾನಗಳ ಕಾಲೇಜಾಗಿ ಮಾರ್ಪಟ್ಟಿತು. ಎಂಬಿಬಿಎಸ್ ಶಿಕ್ಷಣ ಆರಂಭವಾಯಿತು. ಆಯುರ್ವೇದದ ಪದವಿ ತರಗತಿಗಳು ನಿಂತವು. ಮುಂದೆ ದೀರ್ಘಕಾಲ ಅಲ್ಲಿ ಪದವಿ ಮಟ್ಟದ ಆಯುರ್ವೇದ ಬೋಧನೆ ಇರಲಿಲ್ಲ.

ಆಯುರ್ವೇದದ ಉದ್ಧಾರಕ್ಕೆ ವರದಿ ಬರೆದವರ ಆಡಳಿತದಲ್ಲೇ ಮಾಳವೀಯರ ಆಯುರ್ವೇದ ಕಾಲೇಜು ಕಣ್ಮರೆಯಾದುದು ವಿಪರ್ಯಾಸವೇ ಸರಿ. ಆ ನೋವು ಆಯುರ್ವೇದ ವಲಯದಲ್ಲಿ ಬಹುಕಾಲ ಉಳಿಯಿತು. ಆದರೆ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 1963ರಲ್ಲಿ ಅದೇ ಆವರಣದಲ್ಲಿ ಭಾರತೀಯ ವೈದ್ಯದ ಸ್ನಾತಕೋತ್ತರ ಸಂಸ್ಥೆ ತಲೆಯೆತ್ತಿತು. ಆಯುರ್ವೇದದ ಸಂಶೋಧಕನಿಗೆ ಆಧುನಿಕ ಪ್ರಯೋಗಾಲಯ, ಆಸ್ಪತ್ರೆಯ ವಾರ್ಡು, ಶಸ್ತ್ರಚಿಕಿತ್ಸಾ ಕೊಠಡಿ ಎಲ್ಲವೂ ಕೂಗಳತೆಯಲ್ಲೇ ದೊರೆಯುವ ವ್ಯವಸ್ಥೆ ದೇಶದಲ್ಲಿ ಬೇರೆಡೆ ವಿರಳವಾಗಿತ್ತು. 1971ರಲ್ಲಿ ಇಡೀ ಸಂಕೀರ್ಣ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಯಿತು. ಉಡುಪರು ಅದರ ಸ್ಥಾಪಕ ನಿರ್ದೇಶಕರಾದರು. ಮುಂದೆ ಅಲ್ಲಿ ಆಧುನಿಕ ವೈದ್ಯ ಮತ್ತು ಆಯುರ್ವೇದ, ಎರಡಕ್ಕೂ ಒಂದೇ ಸೂರಿನಡಿ ನಿಕಾಯಗಳಾದವು.

ಪದವಿ ಮಟ್ಟದಲ್ಲಿ ಕಳೆದುಕೊಂಡದ್ದನ್ನು ಸಂಶೋಧನೆಯ ಮಟ್ಟದಲ್ಲಿ ಗಳಿಸಿಕೊಳ್ಳುವ ಪಣವನ್ನು ಅವರು ಕಟ್ಟಿದಂತಿತ್ತು. ಆ ಪಣದಲ್ಲಿ ಗೆದ್ದರೋ ಸೋತರೋ ಎಂಬುದನ್ನು ಅಲ್ಲಿ ನಡೆದ ಕೆಲಸಗಳಿಂದಲೇ ಅಳೆಯಬೇಕು.

ಪ್ರಯೋಗಾಲಯದಲ್ಲಿ ಮಂಗರವಳ್ಳಿ

ಮೊದಲಿಗೆ ಮಂಗರವಳ್ಳಿ. ಉಡುಪರು ಸಹೋದ್ಯೋಗಿ ಜಿ.ಸಿ. ಪ್ರಸಾದರೊಡನೆ ನಡೆಸಿದ ಪ್ರಯೋಗಗಳ ಫಲಿತಾಂಶಗಳು 1960ರ ದಶಕದ ಆರಂಭದಿಂದ ಒಂದರ ಹಿಂದೊಂದರಂತೆ ಪ್ರಕಟವಾದವು. ಬಹುಪಾಲು ಲೇಖನಗಳು ಬಂದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪತ್ರಿಕೆಯಲ್ಲಿ.

ಪ್ರಯೋಗದ ಕ್ರಮ ಸರಳವಾಗಿತ್ತು. ಮೂಳೆ ಮುರಿದ ಪ್ರಾಣಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಬಳ್ಳಿಯ ಸಾರ ಕೊಡುವುದು, ಇನ್ನೊಂದಕ್ಕೆ ಕೊಡದಿರುವುದು. ಅನಂತರ ಎರಡನ್ನೂ ಹೋಲಿಸುವುದು. ಕ್ಷಕಿರಣದಲ್ಲಿ ಕಾಣುವುದಷ್ಟನ್ನೇ ನಂಬದೆ, ಕೂಡಿದ ಮೂಳೆ ಎಷ್ಟು ಬಲವನ್ನು ತಾಳುತ್ತದೆ ಎಂದು ಯಂತ್ರದಲ್ಲಿ ಪರೀಕ್ಷಿಸಿದರು. ಕ್ಯಾಲ್ಸಿಯಂ-45 ಎಂಬ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಸುಣ್ಣದ ಅಂಶ ಮುರಿದ ಜಾಗಕ್ಕೆ ಎಷ್ಟು ಬೇಗ ಸೇರುತ್ತದೆ ಎಂಬುದನ್ನೂ ಅಳೆದರು. ಮೂಳೆ ಮಾಯುವುದನ್ನು ಕುಂಠಿತಗೊಳಿಸುವ ಕಾರ್ಟಿಸೋನ್ ಕೊಟ್ಟ ಪ್ರಾಣಿಗಳಲ್ಲೂ ಬಳ್ಳಿಯ ಪರಿಣಾಮವನ್ನು ಪರಿಶೀಲಿಸಿದರು. ಸಾರ ಪಡೆದ ಪ್ರಾಣಿಗಳಲ್ಲಿ ಮೂಳೆ ಬೇಗ ಕೂಡಿ ಬೇಗ ಬಲ ಪಡೆಯಿತೆಂದು ಅವರ ಪ್ರಯೋಗಗಳು ತೋರಿಸಿದವು. ಸ್ಟಿರಾಯ್ಡ್ ಸ್ವರೂಪದ ಸಸ್ಯಜನ್ಯ ದ್ರವ್ಯವೊಂದು ಇದಕ್ಕೆ ಕಾರಣವಿರಬೇಕೆಂಬುದು ಅವರ ತಂಡದ ಅಭಿಪ್ರಾಯವಾಗಿತ್ತು.

ಇಲ್ಲಿ ಒಂದು ಎಚ್ಚರವೂ ಅಗತ್ಯ. ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೆಯೇ ನಡೆಯುತ್ತದೆ ಎನ್ನಲು ದೊಡ್ಡ ಪ್ರಮಾಣದ ಚಿಕಿತ್ಸಾ ಪ್ರಯೋಗಗಳು ಬೇಕು. 60 ವರ್ಷಗಳ ನಂತರವೂ ಮಾನವರ ಮೇಲಿನ ಅಧ್ಯಯನಗಳು ಚಿಕ್ಕವಾಗಿಯೇ ಉಳಿದಿವೆ. ಬಳ್ಳಿಯು ಮೂಳೆ ಬೆಸೆಯುವುದಕ್ಕೆ ನೆರವಾದೀತು. ಜರುಗಿದ ಮೂಳೆಯನ್ನು ನೇರಗೊಳಿಸುವ ಕೆಲಸ ಅದರದ್ದಲ್ಲ. ಅತಿಯಾಗಿ ಬಿಗಿದ ದಬ್ಬೆಯ ಕಟ್ಟಿನಿಂದ ರಕ್ತ ಸಂಚಾರ ನಿಂತು ಕೈಕಾಲು ಕೊಳೆತರೆ ಯಾವ ಬಳ್ಳಿಯೂ ಕಾಪಾಡದು. ಉಡುಪರು ಶಸ್ತ್ರವೈದ್ಯರು. ಬಳ್ಳಿಯ ಗುಣವನ್ನು ಪರೀಕ್ಷಿಸಿದ ಅವರ ಸಂಸ್ಥೆಯಲ್ಲಿ ಮುರಿದ ಮೂಳೆಯನ್ನು ಸರಿಯಾಗಿ ಕೂರಿಸುವ ಶಸ್ತ್ರವಿದ್ಯೆಯೂ ಪಾಠದ ಭಾಗವೇ ಆಗಿತ್ತು.

ಒಂದು ನೂಲು, ಒಂದು ಅಂಟು

ಅದೇ ಆವರಣದಲ್ಲಿ ಪಿ.ಜೆ. ದೇಶಪಾಂಡೆ ಮತ್ತು ಸಂಗಡಿಗರು ಕ್ಷಾರಸೂತ್ರ ಚಿಕಿತ್ಸೆಗೆ ಮರುಜೀವ ನೀಡಿದರು. ಗುದದ್ವಾರದ ಬಳಿ ಹುಣ್ಣು ಒಳಗೊಳಗೇ ಕೊರೆದು ನಾಳವಾಗುವ ಭಗಂದರ ರೋಗ ಶಸ್ತ್ರಚಿಕಿತ್ಸೆಯ ನಂತರವೂ ಮರುಕಳಿಸುವ ಹಠಮಾರಿ. ಪ್ರಾಚೀನ ಗ್ರಂಥಗಳಲ್ಲಿ ಔಷಧ ಲೇಪಿಸಿದ ನೂಲಿನ ಪ್ರಸ್ತಾಪವಿದೆ. ಕಾಶಿಯವರು ಆ ನೂಲನ್ನು ತಯಾರಿಸುವ ಕ್ರಮವನ್ನು ಖಚಿತಗೊಳಿಸಿದರು. ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ. ಒಟ್ಟು 21 ಲೇಪ. ನಮ್ಮ ಹಳ್ಳಿಗಳ ಬೇಲಿಯಲ್ಲೂ ಹಿತ್ತಲಲ್ಲೂ ಸಿಗುವ ಸಾಮಗ್ರಿಗಳೇ ಇವು. ನಾಳದೊಳಗೆ ಈ ನೂಲನ್ನು ತೂರಿಸಿ ಕಟ್ಟಿದರೆ ಅದು ನಿಧಾನವಾಗಿ ಕೊರೆಯುತ್ತಾ ಹಿಂದಿನಿಂದ ಗಾಯವನ್ನು ಮಾಯಿಸುತ್ತಾ ಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಈ ಚಿಕಿತ್ಸೆಯನ್ನು ಸಾಮಾನ್ಯ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ರೋಗ ಮರುಕಳಿಸಿದ ಪ್ರಮಾಣ ಕ್ಷಾರಸೂತ್ರದಲ್ಲಿ ಶೇ 4, ಶಸ್ತ್ರಚಿಕಿತ್ಸೆಯಲ್ಲಿ ಶೇ 11. ಆದರೆ ಮಾಯಲು ಕ್ಷಾರಸೂತ್ರಕ್ಕೆ 8 ವಾರ, ಶಸ್ತ್ರಚಿಕಿತ್ಸೆಗೆ 4 ವಾರ ಬೇಕಾಯಿತು. ಒಂದರ ಲಾಭ, ಇನ್ನೊಂದರ ನಷ್ಟ ಎರಡೂ ರೋಗಿಯ ಮುಂದೆ ಸ್ಪಷ್ಟವಾದವು. ಆಯ್ಕೆಗೆ ಆಧಾರ ದೊರೆಯಿತು.

ಗುಗ್ಗುಳದ ಕಥೆ ಬೇರೆ. ಸುಶ್ರುತನು ಮೇದೋರೋಗವನ್ನು ವರ್ಣಿಸುವ ಬಗೆಗೂ ಇಂದಿನ ಕೊಬ್ಬಿನ ಕಾಯಿಲೆಗಳಿಗೂ ಇರುವ ಹೋಲಿಕೆಯನ್ನು ಗುರುತಿಸಿದ ಜಿ.ವಿ. ಸತ್ಯವತಿ, ಕಾಶಿಯ ಸ್ನಾತಕೋತ್ತರ ಸಂಸ್ಥೆಯಲ್ಲಿ 1966ರಲ್ಲಿ ಪ್ರೌಢಪ್ರಬಂಧ ಸಲ್ಲಿಸಿದರು. ಗುಗ್ಗುಳದ ಅಂಟು ಮೊಲಗಳ ರಕ್ತದ ಕೊಲೆಸ್ಟರಾಲ್ ಇಳಿಸಿತೆಂದು ಅದರಲ್ಲಿ ತೋರಿಸಿದ್ದರು. ಅವರೇ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕ ಹುದ್ದೆಗೇರಿದ ಮೊದಲ ಮಹಿಳೆಯಾದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಈ ಜಾಡು ಹಿಡಿದು 1980ರ ದಶಕದಲ್ಲಿ ಔಷಧವನ್ನೂ ರೂಪಿಸಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ 8 ವಾರ ನಡೆದ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯಲಿಲ್ಲ, ಬದಲಿಗೆ ಸ್ವಲ್ಪ ಏರಿತು. ಕೆಲವರಿಗೆ ಚರ್ಮದ ಮೇಲೆ ಗಂಧೆಗಳೆದ್ದವು.

ಇದನ್ನು ಸೋಲೆಂದು ಮರೆಮಾಚಬೇಕಿಲ್ಲ. ಪರೀಕ್ಷೆಗೆ ಒಡ್ಡುವುದೆಂದರೆ ಉತ್ತೀರ್ಣವಾಗುವ ಖಾತರಿಯನ್ನು ಮೊದಲೇ ಪಡೆಯುವುದಲ್ಲ. ಕ್ಷಾರಸೂತ್ರ ಗೆದ್ದದ್ದೂ ಗುಗ್ಗುಳ ಎಡವಿದ್ದೂ ಒಂದೇ ವಿಧಾನದ ಎರಡು ಫಲಗಳು.

ಯೋಗಕ್ಕೂ ಅಳತೆಗೋಲು

1970ರ ದಶಕದಲ್ಲಿ ಉಡುಪರ ಆಸಕ್ತಿ ಯೋಗದ ಕಡೆಗೆ ತಿರುಗಿತು. ಯೋಗ ಆಗಿನ್ನೂ ಹೆಚ್ಚಾಗಿ ಮಠ, ಆಶ್ರಮ, ವ್ಯಾಯಾಮ ಶಾಲೆಗಳ ವಿಷಯ. ಶಿಷ್ಯರಾದ ರಾಮಹರ್ಷ ಸಿಂಗ್ ಮೊದಲಾದವರೊಡನೆ ಅವರು ಆರೋಗ್ಯವಂತ ಯುವಕರಿಗೆ ಆಸನ, ಪ್ರಾಣಾಯಾಮಗಳನ್ನು ಅಭ್ಯಾಸ ಮಾಡಿಸಿ, ಅಭ್ಯಾಸಕ್ಕೆ ಮೊದಲು ಮತ್ತು ನಂತರ ಅವರ ಉಸಿರಾಟ, ರಕ್ತ, ಮೂತ್ರ, ಗ್ರಂಥಿಸ್ರಾವಗಳನ್ನು ಪರೀಕ್ಷಿಸಿದರು. 1971ರಲ್ಲಿ ಈ ಕುರಿತ ಆರಂಭಿಕ ಲೇಖನ ಪ್ರಕಟವಾಯಿತು. ಮನಸ್ಸಿನ ಒತ್ತಡವು ದೇಹದ ರೋಗವಾಗುವ ಬಗೆ, ಅದನ್ನು ಯೋಗದಿಂದ ನಿಭಾಯಿಸುವ ಕ್ರಮ ಇವುಗಳನ್ನು ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥ ಹಲವು ಮುದ್ರಣಗಳನ್ನು ಕಂಡಿತು.

ಇಂದಿನ ಕಟ್ಟುನಿಟ್ಟಿನ ದೃಷ್ಟಿಯಲ್ಲಿ ಆ ಅಧ್ಯಯನಗಳು ಚಿಕ್ಕವು, ಹೋಲಿಕೆಯ ಗುಂಪುಗಳು ಸಾಲವು ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ ಆಫೀಸಿನ ಒತ್ತಡಕ್ಕೆ ಯೋಗ ಮಾಡಿ ಎಂದು ವೈದ್ಯರೇ ಸಲಹೆ ಕೊಡುವ ಇಂದಿನ ದಿನಗಳಲ್ಲಿ, ಒತ್ತಡವನ್ನು ರಕ್ತದ ಹನಿಯಲ್ಲಿ ಅಳೆಯಲು ಮೊದಲು ಹೊರಟವರಲ್ಲಿ ಒಬ್ಬ ಕನ್ನಡಿಗ ಶಸ್ತ್ರವೈದ್ಯರಿದ್ದರು ಎಂಬುದನ್ನು ಮರೆಯಲಾಗದು. ಸರ್ಕಾರ ಅವರ ಸೇವೆಯನ್ನು ಪದ್ಮಶ್ರೀ ನೀಡಿ ಗೌರವಿಸಿತು. ಶಿಷ್ಯ ರಾಮಹರ್ಷ ಸಿಂಗ್ ಮುಂದೆ ಜೋಧಪುರದ ಆಯುರ್ವೇದ ವಿಶ್ವವಿದ್ಯಾಲಯದ ಕುಲಪತಿಯಾದರು.

ಮುಗಿಯದ ವಾದ

ಉಡುಪರು 1992ರಲ್ಲಿ ನಿಧನರಾದರು. ಅವರು ಎತ್ತಿದ ಪ್ರಶ್ನೆಗಳು ಅವರೊಡನೆ ಅಳಿಯಲಿಲ್ಲ. ಆಯುರ್ವೇದಕ್ಕೆ 1995ರಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆಯೂ 2014ರಲ್ಲಿ ಪ್ರತ್ಯೇಕ ಸಚಿವಾಲಯವೂ ದೊರೆತವು. 2020ರ ನವೆಂಬರಿನಲ್ಲಿ ಆಯುರ್ವೇದದ ಸ್ನಾತಕೋತ್ತರ ಶಸ್ತ್ರವೈದ್ಯರು ಮಾಡಬಹುದಾದ 58 ಶಸ್ತ್ರಕ್ರಿಯೆಗಳ ಪಟ್ಟಿ ಪ್ರಕಟವಾದಾಗ ದೇಶದಾದ್ಯಂತ ಕೋಲಾಹಲವೆದ್ದಿತು. ಡಿಸೆಂಬರ್ 11ರಂದು ಭಾರತೀಯ ವೈದ್ಯಕೀಯ ಸಂಘ ಮುಷ್ಕರ ನಡೆಸಿತು. ಇದು ಮಿಶ್ರವೈದ್ಯವೆಂದು ಒಂದು ಪಕ್ಷ ಹೀಗಳೆಯಿತು, ಸುಶ್ರುತನ ವಾರಸುದಾರರಿಗೆ ಸಲ್ಲಬೇಕಾದ ಹಕ್ಕೆಂದು ಇನ್ನೊಂದು ಪಕ್ಷ ಸಮರ್ಥಿಸಿಕೊಂಡಿತು.

ಹಕ್ಕು ಯಾರದು ಎಂಬ ಈ ಜಗಳದಲ್ಲಿ ಹಿಂದೆ ಸರಿದ ಪ್ರಶ್ನೆ ಒಂದೇ. ಆ ಶಸ್ತ್ರಕ್ರಿಯೆಯನ್ನು ಮಾಡುವವನಿಗೆ ತರಬೇತಿ ಎಷ್ಟಾಗಿದೆ, ಎಷ್ಟು ರೋಗಿಗಳನ್ನು ಅವನು ಕಂಡಿದ್ದಾನೆ? 1959ರ ವರದಿ ಹಾಸಿಗೆ, ರೋಗಿ, ಉಪಕರಣ, ಅಧ್ಯಾಪಕರ ಲೆಕ್ಕ ಕೇಳಿದ್ದು ಇದೇ ಕಾರಣಕ್ಕೆ. ಪದ್ಧತಿ ಯಾವುದೇ ಇರಲಿ, ಮೇಜಿನ ಮೇಲೆ ಮಲಗಿರುವ ರೋಗಿಗೆ ಬೇಕಾದುದು ಆ ಲೆಕ್ಕವೇ.

ಕಾಶಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸಭಾಂಗಣಕ್ಕೆ ಕೆ.ಎನ್. ಉಡುಪರ ಹೆಸರಿಡಲಾಗಿದೆ. ಇತ್ತ ಬೆಂಗಳೂರು ಗ್ರಾಮಾಂತರದಲ್ಲಿ ಹೊಲಗಳು ಬಡಾವಣೆಗಳಾಗುತ್ತಿವೆ. ವಿಮಾನ ನಿಲ್ದಾಣದ ಸುತ್ತಲಿನ ಊರುಗಳಲ್ಲಿ ಹಸಿರು ಬೇಲಿಯ ಜಾಗಕ್ಕೆ ಕಾಂಪೌಂಡು ಗೋಡೆ ಬಂದಿದೆ. ಬೇಲಿಯಿಂದ ಮರೆಯಾಗುತ್ತಿರುವ ಮಂಗರವಳ್ಳಿ ವಿದೇಶೀ ಕಂಪನಿಗಳ ಮಾತ್ರೆಯ ಡಬ್ಬಿಗಳಲ್ಲಿ, ಮೂಳೆ ಮತ್ತು ಕೀಲುಗಳ ಆರೋಗ್ಯವರ್ಧಕವೆಂಬ ಹಣೆಪಟ್ಟಿ ಹೊತ್ತು ಮಾರಾಟವಾಗುತ್ತಿದೆ. ಪುಡಿಯನ್ನು ಡಬ್ಬಿಯಲ್ಲಿ ತುಂಬಿ ಮಾರುವವರಿಗೆ ಕೊರತೆಯಿಲ್ಲ. ಅದೇ ಬಳ್ಳಿಯನ್ನು ಮನುಷ್ಯರಲ್ಲಿ ಸರಿಯಾಗಿ ಪರೀಕ್ಷಿಸಿ, ಕಾಲು ಮುರಿದವನ ಮನೆಯವರಿಗೆ ಖಚಿತ ಉತ್ತರ ಕೊಡುವ ಕೆಲಸ ಮಾತ್ರ ಉಡುಪರು ಬಿಟ್ಟುಹೋದಲ್ಲಿಂದ ಬಹಳ ದೂರ ಸಾಗಿಲ್ಲ.